ಮಲಪ್ರಭೆಯ ದಂಡೆಯಲ್ಲಿ ಕರಡಿ ಚರ್ಮ ಹೊದ್ದವರು ಯಾರು?

ನವಲಗುಂದ, ನರಗುಂದದ ಎರೆ ಬಯಲಿನಲ್ಲಿ ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಹೆಗಲ ಮೇಲಿನ ಟವೆಲ್ಲೂ ಭಾರ ಅನಿಸುತ್ತದೆ. ಆ ಸೀಮೆಯ ಅಂಚು ಹಿಡಿದು ಹರಿಯುವ ಮಲಪ್ರಭೆ ಬಾದಾಮಿ ತಾಲ್ಲೂಕಿಗೆ ಇಳಿದ ಮೇಲೆ, ಖ್ಯಾಡದಂಥ ಊರುಗಳ ಬಳಿ, ದಂಡೆಯ ಜಲ್ಲಿಪದರಗಳಲ್ಲಿ ಹಳೆ ಶಿಲಾಯುಗದ ಕೈಗೊಡಲಿಗಳು ಸಿಕ್ಕಿವೆ. ಅಂದರೆ ಈ ಹೊಳೆಗುಂಟ ಲಕ್ಷಗಟ್ಟಲೆ ವರ್ಷಗಳ ಹಿಂದೆಯೇ ಮನುಷ್ಯರು ಓಡಾಡಿದ್ದರು. ಈಗ ಮೊಬೈಲ್ ತೆಗೆದು ‘ಆದಿಮಾನವ’ ಎಂದು ಹುಡುಕಿ ನೋಡಿ. ಬರುವವನು ಬೆನ್ನು ಬಾಗಿದ ಗಂಡಸು. ಮೈಮೇಲೆ ದಪ್ಪ ರೋಮದ ಚರ್ಮ, ಕೈಯಲ್ಲಿ ದೊಣ್ಣೆ, ಹಿಂದೊಂದು ಗುಹೆ, ದೂರದಲ್ಲಿ ಹಿಮದ ಮೇಲೆ ನಡೆಯುವ ಮ್ಯಾಮತ್. ಎಐ ಬಳಸಿ ಮಾಡಿದ ಕನ್ನಡ ರೀಲ್ಸ್‌ಗಳಲ್ಲಂತೂ ಅವನ ಬೆನ್ನಟ್ಟಿ ಡೈನೋಸಾರ್ ಕೂಡ ಓಡಿಬರುತ್ತದೆ.

ಡೈನೋಸಾರ್ ವಿಷಯ ಬೇಗ ಮುಗಿಸಬಹುದು. ಹಕ್ಕಿಗಳ ವಂಶವನ್ನು ಬಿಟ್ಟರೆ ಅವು ಅಳಿದು ಸುಮಾರು 6.6 ಕೋಟಿ ವರ್ಷ ಆಯಿತು. ನಮ್ಮ ಹೋಮೋ ಸೇಪಿಯನ್ಸ್ ಜಾತಿಯ ಅತಿ ಹಳೆಯ ಪಳೆಯುಳಿಕೆಗಳು ಮೊರಾಕ್ಕೊ ದೇಶದ ಜೆಬೆಲ್ ಇರ್ಹೂದ್‌ನಲ್ಲಿ ಸಿಕ್ಕವು, ಅವಕ್ಕೆ ಸುಮಾರು 3 ಲಕ್ಷ ವರ್ಷ. ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಬರುವ ಮಾತೇ ಇಲ್ಲ. ಆದರೆ ಆ ರೋಮದ ಚರ್ಮ, ಆ ಬಾಗಿದ ಬೆನ್ನು ಎಲ್ಲಿಂದ ಬಂದವು ಎಂಬುದನ್ನು ಹುಡುಕುತ್ತ ಹೋದರೆ ವಿಷಯ ಬೇರೆಯೇ ದಾರಿ ಹಿಡಿಯುತ್ತದೆ.

ಬೆನ್ನು ಬಾಗಿದವನಿಗೆ ವಿಳಾಸ ಇದೆ. 1856ರಲ್ಲಿ ಜರ್ಮನಿಯ ನಿಯಾಂಡರ್ ಕಣಿವೆಯಲ್ಲಿ ವಿಚಿತ್ರ ಹುಬ್ಬುಗಟ್ಟಿನ ತಲೆಬುರುಡೆಯ ತುಂಡು ಸಿಕ್ಕಿತು. ನಿಯಾಂಡರ್ತಾಲ್ ಮಾನವ ಎಂಬ ಹೆಸರು ಬಂದದ್ದು ಅಲ್ಲಿಂದ. 1908ರಲ್ಲಿ ಫ್ರಾನ್ಸಿನ ಲಾ ಶಾಪೆಲ್-ಓ-ಸೇಂಟ್ ಎಂಬಲ್ಲಿ ಹೆಚ್ಚು ಕಡಿಮೆ ಪೂರ್ತಿ ಎನ್ನಬಹುದಾದ ಅಸ್ಥಿಪಂಜರ ದೊರೆಯಿತು. ಅದನ್ನು ಅಭ್ಯಾಸ ಮಾಡಿದ ಮಾರ್ಸೆಲಿನ್ ಬೂಲ್ ದೊಡ್ಡ ವಿದ್ವಾಂಸ. ಅವರು ಬಿಡಿಸಿಟ್ಟ ಚಿತ್ರದಲ್ಲಿ ಮೊಣಕಾಲು ಮಡಚಿದೆ, ಕುತ್ತಿಗೆ ಮುಂದೆ ಚಾಚಿದೆ, ನಡಿಗೆ ಅರ್ಧ ವಾನರನದು. ಪತ್ರಿಕೆಗಳು ಅದನ್ನು ಎತ್ತಿಕೊಂಡವು, ಚಿತ್ರಕಾರರು ಎತ್ತಿಕೊಂಡರು, ಮುಂದೆ ಸಿನಿಮಾದವರೂ ಎತ್ತಿಕೊಂಡರು. 1957ರಲ್ಲಿ ಸ್ಟ್ರಾಸ್ ಮತ್ತು ಕೇವ್ ಎಂಬ ಇಬ್ಬರು ಅಂಗರಚನಾ ಶಾಸ್ತ್ರಜ್ಞರು ಅದೇ ಮೂಳೆಗಳನ್ನು ಮತ್ತೆ ನೋಡಿದಾಗ ಗೊತ್ತಾದದ್ದು ಇಷ್ಟು: ಆತ ವಯಸ್ಸಾದವನು, ಸಂಧಿವಾತದಿಂದ ಬೆನ್ನು, ಕೀಲು ಕೆಟ್ಟಿದ್ದವು. ಇಡೀ ಒಂದು ಮಾನವ ಜಾತಿಯ ನಡಿಗೆಯನ್ನು ಒಬ್ಬ ವಾತರೋಗಿಯ ನಡಿಗೆಯಿಂದ ಅಳೆಯಲಾಗಿತ್ತು. ಸ್ನಾನ ಮಾಡಿಸಿ, ಕ್ಷೌರ ಮಾಡಿಸಿ, ಈಗಿನ ಬಟ್ಟೆ ತೊಡಿಸಿದರೆ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಆತನತ್ತ ಯಾರೂ ವಿಶೇಷವಾಗಿ ತಿರುಗಿ ನೋಡಲಿಕ್ಕಿಲ್ಲ ಎಂಬ ಅರ್ಥದ ಮಾತನ್ನೂ ಅವರು ಬರೆದರು. ನಮ್ಮಲ್ಲಾದರೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಎನ್ನಬಹುದು. ಬೆಳಗಿನ ಗದ್ದಲದಲ್ಲಿ ಸೀಟು ಹಿಡಿಯುವ ಅವಸರದವರಿಗೆ ಪಕ್ಕದವನ ಹುಬ್ಬುಗಟ್ಟು ಕಾಣುವುದು ಅಷ್ಟರಲ್ಲೇ ಇದೆ.

ನಿಯಾಂಡರ್ತಾಲರ ಮಿದುಳಿನ ಗಾತ್ರ ನಮ್ಮದಕ್ಕೆ ಸರಿಸಮ, ಕೆಲವರದು ನಮಗಿಂತ ತುಸು ದೊಡ್ಡದೇ. ಇಸ್ರೇಲಿನ ಕೆಬಾರಾ ಗುಹೆಯಲ್ಲಿ 1983ರಲ್ಲಿ ಸಿಕ್ಕ ಅವರ ನಾಲಿಗೆಬುಡದ ಮೂಳೆ ನಮ್ಮದರಂತೆಯೇ ಇದೆ. ಇಷ್ಟರಿಂದಲೇ ಅವರು ನಮ್ಮ ಹಾಗೆ ಹರಟೆ ಹೊಡೆಯುತ್ತಿದ್ದರು ಎಂದು ಸಾಬೀತಾಗುವುದಿಲ್ಲ. ಆದರೆ ‘ಹೂಂ ಹಾಂ’ ಎಂದು ಗುರುಗುಡುವುದಷ್ಟೇ ಅವರಿಗೆ ಗೊತ್ತಿತ್ತು ಎನ್ನಲಿಕ್ಕೆ ಮೂಳೆಯಲ್ಲಿ ಆಧಾರವಿಲ್ಲ.

ಇದೆಲ್ಲ ಯುರೋಪಿನ ಕತೆ. ಹಿಮಯುಗದ ಯುರೋಪಿನಲ್ಲಿ ಚರ್ಮ ಹೊದೆಯದೆ ಗತಿ ಇರಲಿಲ್ಲ, ಮ್ಯಾಮತ್ ಇದ್ದದ್ದೂ ಅಲ್ಲಿನ ಚಳಿನಾಡುಗಳಲ್ಲಿ. ದಖ್ಖನ್ನಿನಲ್ಲಿ ಎರಡಕ್ಕೂ ಜಾಗವಿಲ್ಲ. ನಮ್ಮ ಕಡೆಯ ಬಯಲುಗಳಲ್ಲಿ ಬೇರೆ ಪ್ರಾಣಿಪಕ್ಷಿಗಳಿದ್ದವು. ಮಹಾರಾಷ್ಟ್ರದ ಪಟ್ನೆ ಎಂಬಲ್ಲಿ ಉಷ್ಟ್ರಪಕ್ಷಿಯ ಮೊಟ್ಟೆಚಿಪ್ಪಿನಿಂದ ಮಾಡಿದ ಮಣಿಗಳು ಸಿಕ್ಕಿವೆ, ಉಷ್ಟ್ರಪಕ್ಷಿ ಭಾರತದಲ್ಲೂ ಓಡಾಡಿತ್ತು ಎಂಬುದು ಎಷ್ಟು ಜನರಿಗೆ ಗೊತ್ತು? ಹಾಗಿದ್ದೂ ನಮ್ಮ ಮಕ್ಕಳು ಬಿಡಿಸುವ ಆದಿಮಾನವ ಹಿಮದಲ್ಲೇ ನಿಂತಿರುತ್ತಾನೆ.

ಅದಕ್ಕೊಂದು ನ್ಯಾಯವಾದ ಕಾರಣವೂ ಇದೆ. ನಮ್ಮ ಮಳೆ, ಬಿಸಿಲು, ಮಣ್ಣಿನ ಗುಣ ಸೇರಿ ಮೂಳೆಯನ್ನು ಬಹುಕಾಲ ಉಳಿಯಗೊಡುವುದಿಲ್ಲ. ಇಡೀ ಭಾರತದಲ್ಲಿ ಪ್ರಾಚೀನ ಮಾನವಜಾತಿಯ ಗಣ್ಯ ಪಳೆಯುಳಿಕೆ ಎಂದರೆ 1982ರಲ್ಲಿ ಭೂವಿಜ್ಞಾನಿ ಅರುಣ್ ಸೋನಕಿಯಾ ಅವರಿಗೆ ನರ್ಮದೆಯ ದಂಡೆಯ ಹಥ್ನೋರಾದಲ್ಲಿ ಸಿಕ್ಕ ತಲೆಬುರುಡೆಯ ಭಾಗವೊಂದೇ ಎನ್ನಬೇಕು. ಮುಖವಿಲ್ಲ, ದವಡೆಯಿಲ್ಲ. ಹೀಗಾಗಿ ನಮ್ಮವರ ಉಪಕರಣಗಳು ನಮ್ಮ ಕೈಯಲ್ಲಿವೆ, ಮುಖ ಮಾತ್ರ ಇಲ್ಲ. ಖಾಲಿ ಬಿಟ್ಟ ಆ ಜಾಗದಲ್ಲಿ ಯುರೋಪಿನ ಮುಖ, ಅದೂ ತಪ್ಪಾಗಿ ಬಿಡಿಸಿದ್ದು, ಬಂದು ಕೂತಿತು.

ಉಪಕರಣಗಳ ಮಟ್ಟಿಗೆ ನಾವು ಬಡವರಲ್ಲ. ರಾಬರ್ಟ್ ಬ್ರೂಸ್ ಫೂಟ್ 1863ರ ಮೇ 30ರಂದು ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಕಲ್ಲಿನ ಕೈಗೊಡಲಿ ಹೆಕ್ಕಿದರು, ಭಾರತದ ಪ್ರಾಗೈತಿಹಾಸದ ಅಧ್ಯಯನ ಅಲ್ಲಿಂದ ಶುರು ಎನ್ನುತ್ತಾರೆ. ಭೂವಿಜ್ಞಾನ ಸರ್ವೇಕ್ಷಣೆಯ ಕೆಲಸದ ಮೇಲೆ ಆಗಿನ ದಕ್ಷಿಣ ಮರಾಠಾ ಸೀಮೆಯನ್ನು, ಅಂದರೆ ಇಂದಿನ ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯನ್ನೆಲ್ಲ ಅವರು ಸುತ್ತಿದರು. ಮಲಪ್ರಭೆ, ಘಟಪ್ರಭೆಗಳ ಕಣಿವೆಯ ಕಲ್ಲಿನ ಆಯುಧಗಳನ್ನು ದಾಖಲಿಸಿದರು. ‘ಧಾರವಾಡ ಶಿಲೆಗಳು’ ಎಂಬ ಹೆಸರು ಜಗತ್ತಿನ ಭೂವಿಜ್ಞಾನದಲ್ಲಿ ಊರಿದ್ದೂ ಅವರಿಂದಲೇ. ಮುಂದೆ ಆರ್.ವಿ. ಜೋಶಿ ಮಲಪ್ರಭೆಯ ಕಣಿವೆಯನ್ನು ಪದರಪದರವಾಗಿ ಅಭ್ಯಾಸ ಮಾಡಿ 1955ರಲ್ಲಿ ವರದಿ ಪ್ರಕಟಿಸಿದರು. ಆ ಕೈಗೊಡಲಿಗಳಲ್ಲಿ ಹೆಚ್ಚಿನವು ಕ್ವಾರ್ಟ್ಸೈಟ್ ಎಂಬ ಗಟ್ಟಿ ಶಿಲೆಯವು. ಸುತ್ತಲಿನ ಗುಡ್ಡಗಳ ಕಲ್ಲೇ ಅದು.

ಇನ್ನೂ ಪೂರ್ವಕ್ಕೆ, ಈಗಿನ ಯಾದಗಿರಿ ಜಿಲ್ಲೆಯ ಹುಣಸಗಿ ಸೀಮೆಯ ಇಸಾಂಪುರದಲ್ಲಿ ಕೆ. ಪದ್ದಯ್ಯ ಅವರ ತಂಡ ಅಗೆದದ್ದು ಸುಮಾರು 12 ಲಕ್ಷ ವರ್ಷ ಹಳೆಯದೆಂದು ಅಳೆಯಲಾದ ಕಲ್ಲುಗಣಿ ಮತ್ತು ಕಾರ್ಖಾನೆ. ಸುಣ್ಣಕಲ್ಲಿನ ಹಾಸು ಎಬ್ಬಿಸಿದ ಗುರುತು, ಅರ್ಧಕ್ಕೆ ಬಿಟ್ಟ ಕೈಗೊಡಲಿ, ಸೀಳುವಾಗ ಎಗರಿದ ಚಕ್ಕೆ, ಬಡಿಯಲು ಬಳಸಿದ ಬೇರೆ ಜಾತಿಯ ಗಟ್ಟಿ ಕಲ್ಲು ಎಲ್ಲ ಅಲ್ಲಲ್ಲೇ ಬಿದ್ದಿದ್ದವು. ಕೈಗೊಡಲಿ ಮಾಡುವುದು ಕಲ್ಲಿಗೆ ಕಲ್ಲು ಕುಟ್ಟಿದಷ್ಟು ಸರಳ ಅಲ್ಲ. ಯಾವ ಕೋನಕ್ಕೆ ಎಷ್ಟು ಬಲದ ಪೆಟ್ಟು ಕೊಟ್ಟರೆ ಚಕ್ಕೆ ಎಷ್ಟು ಉದ್ದ ಏಳುತ್ತದೆ, ಆಮೇಲೆ ಕಲ್ಲನ್ನು ಯಾವ ಮಗ್ಗುಲಿಗೆ ತಿರುಗಿಸಬೇಕು, ನಾಲ್ಕು ಪೆಟ್ಟಿನ ಆಚೆಗೆ ಅಂಚು ಎಲ್ಲಿ ಕೂಡಬೇಕು ಎಂಬ ಲೆಕ್ಕ ತಲೆಯಲ್ಲಿರಬೇಕು. ಇಂದಿನ ಸಂಶೋಧಕರು ಅದನ್ನು ಕಲಿಯಲು ತಿಂಗಳುಗಟ್ಟಲೆ ಬೆರಳು ಕೊಯ್ದುಕೊಳ್ಳುತ್ತಾರೆ. ಅದನ್ನು ಮಾಡಿದವರು ನಮ್ಮ ಜಾತಿಯವರೂ ಅಲ್ಲ, ನಮಗಿಂತ ಬಹಳ ಮೊದಲಿನ ಮಾನವರು. ‘ದೊಣ್ಣೆ ಹಿಡಿದ ಮಂಕ’ನ ಚಿತ್ರಕ್ಕೆ ಇಸಾಂಪುರದ ನೆಲದಲ್ಲಿ ಎಲ್ಲಿ ಜಾಗ ಕೊಡುವುದು?

ಇನ್ನು ಗುಹೆ. ಗುಹೆಯಲ್ಲಿ ಮನುಷ್ಯರು ಇರಲೇ ಇಲ್ಲ ಅಂತಲ್ಲ. ಆದರೆ ಅಲ್ಲಿದ್ದದ್ದು ಉಳಿಯಿತು, ಬಯಲಲ್ಲಿದ್ದದ್ದು ಹೋಯಿತು ಎಂಬುದೇ ದೊಡ್ಡ ವ್ಯತ್ಯಾಸ. ಮರ, ಬಿದಿರು, ಬಳ್ಳಿ, ತೊಗಲು, ನಾರು, ಹುಲ್ಲು ಯಾವುದೂ ನಮ್ಮ ಹವೆಯಲ್ಲಿ ಬಾಳುವುದಿಲ್ಲ. ನಮ್ಮ ಕಡೆಯ ಹಳ್ಳಿಯೊಂದನ್ನು ಹತ್ತು ಸಾವಿರ ವರ್ಷದ ನಂತರ ಯಾರಾದರೂ ಅಗೆದರೆ ನವಲಗುಂದದ ಜಮಖಾನ ಸಿಗುವುದಿಲ್ಲ, ಕಂಬಳಿ ಸಿಗುವುದಿಲ್ಲ, ಪುಂಡಿನಾರಿನ ಹಗ್ಗ ಸಿಗುವುದಿಲ್ಲ. ಬೀಸುಕಲ್ಲು, ಒಳಕಲ್ಲು, ರುಬ್ಬುಗುಂಡು ಸಿಗುತ್ತವೆ. ಅವನ್ನು ನೋಡಿ ‘ಇವರು ಕಲ್ಲಿನ ಜನ’ ಎಂದು ಬರೆದರೆ ಹೇಗಿರುತ್ತದೋ ಶಿಲಾಯುಗದ ಬಗ್ಗೆ ನಮ್ಮ ಕಲ್ಪನೆ ಹಾಗಿದೆ. ಅಪರೂಪಕ್ಕೆ ನಾಜೂಕಿನ ವಸ್ತು ಉಳಿದ ಕಡೆ ಚಿತ್ರ ಪೂರಾ ತಿರುಗುತ್ತದೆ. ಜಾರ್ಜಿಯಾದ ಜುಜುವಾನಾ ಗುಹೆಯಲ್ಲಿ ಸುಮಾರು 30 ಸಾವಿರ ವರ್ಷ ಹಳೆಯ ಅಗಸೆನಾರಿನ ಎಳೆಗಳು ಸಿಕ್ಕಿವೆ. ರಷ್ಯದ ಸುಂಗೀರ್‌ನಲ್ಲಿ ಮೂವರನ್ನು ಹೂಳುವಾಗ 13 ಸಾವಿರಕ್ಕೂ ಹೆಚ್ಚು ದಂತದ ಮಣಿಗಳನ್ನು ಇಟ್ಟಿದ್ದರು, ಅದೂ 30 ಸಾವಿರ ವರ್ಷಕ್ಕೂ ಹಿಂದಿನ ಮಾತು. ಒಂದೊಂದು ಮಣಿ ಕೊರೆಯಲು ಬೇಕಾದ ಹೊತ್ತನ್ನು ಗುಣಿಸಿ ನೋಡಿದರೆ ಇದು ಬರೀ ಹೊಟ್ಟೆಪಾಡಿನ ಬದುಕಲ್ಲ ಎಂದು ತಾನೇ ತಿಳಿಯುತ್ತದೆ.

ನಮ್ಮ ಹಾವೇರಿ ಜಿಲ್ಲೆಯ ಹಳ್ಳೂರನ್ನೇ ನೋಡಿ. ತುಂಗಭದ್ರೆಯ ದಂಡೆಯ ಆ ದಿಬ್ಬವನ್ನು ಎಂ.ಎಸ್. ನಾಗರಾಜರಾವ್ 1960ರ ದಶಕದಲ್ಲಿ ಅಗೆದಾಗ ನವಶಿಲಾಯುಗದಿಂದ ಕಬ್ಬಿಣ ಯುಗದವರೆಗಿನ ಊರು ಪದರಪದರವಾಗಿ ಎದ್ದಿತು. ದುಂಡನೆಯ ಮನೆಗಳು, ತಟ್ಟಿಗೆ ಮಣ್ಣು ಮೆತ್ತಿದ ಗೋಡೆ, ಒಲೆಯ ಬೂದಿ. ದಕ್ಷಿಣ ಭಾರತದ ಅತಿ ಹಳೆಯ ಕಬ್ಬಿಣದ ಕುರುಹುಗಳಲ್ಲಿ ಹಳ್ಳೂರಿನದೂ ಒಂದು, ಕ್ರಿ.ಪೂ. 1000ದ ಆಸುಪಾಸು. ಅಲ್ಲಿನ ಪ್ರಾಣಿಮೂಳೆಗಳಲ್ಲಿ ಕುದುರೆಯದೂ ಇದೆ ಎಂದು ಕೆ.ಆರ್. ಆಲೂರ ಗುರುತಿಸಿದ ಮೇಲೆ ಆ ನಾಲ್ಕು ಮೂಳೆ, ಕುದುರೆ ಭಾರತಕ್ಕೆ ಆರ್ಯರೊಂದಿಗೆ ಬಂತೇ ಎಂಬ ಚರ್ಚೆಯ ನಡುವೆ ಸಿಕ್ಕಿಹಾಕಿಕೊಂಡು ಇನ್ನೂ ಹೊರಬಂದಿಲ್ಲ. ಆ ಜಗಳದಲ್ಲಿ ಎರಡೂ ಕಡೆಯವರಿಗೆ ಹಳ್ಳೂರಿನ ಕುದುರೆ ಬೇಕು, ಹಳ್ಳೂರಿನ ಒಲೆ ಯಾರಿಗೂ ಬೇಡ ಎಂಬುದು ನನ್ನ ತಕರಾರು.

ಎಲ್ಲಕ್ಕಿಂತ ಗಟ್ಟಿಯಾಗಿ ಕೂತ ನಂಬಿಕೆ ಆಯುಷ್ಯದ್ದು. ‘ಆದಿಮಾನವರು 30ಕ್ಕೇ ಸಾಯುತ್ತಿದ್ದರು’ ಎಂಬ ಮಾತು ಓದಿದವರ ಬಾಯಲ್ಲೇ ಹೆಚ್ಚು ಕೇಳುತ್ತದೆ. ಇದು ಸರಾಸರಿಯ ಆಟ. ಹತ್ತು ಮಕ್ಕಳು ಹುಟ್ಟಿದರು ಎನ್ನಿ. ನಾಲ್ಕು ಕೂಸು ಒಂದು ವರ್ಷದೊಳಗೆ ತೀರಿಕೊಂಡವು, ಉಳಿದ ಆರು ಜನ 55 ವರ್ಷ ಬಾಳಿದರು. ಸರಾಸರಿ ತೆಗೆದರೆ ಸುಮಾರು 33 ಬರುತ್ತದೆ. ಆ ಹತ್ತರಲ್ಲಿ 33ಕ್ಕೆ ಸತ್ತವರು ಒಬ್ಬರೂ ಇಲ್ಲ.

ಇದಕ್ಕೆ ಶಿಲಾಯುಗದ ತನಕ ಹೋಗಬೇಕಿಲ್ಲ. 1890ರ ದಶಕದ ಭಾರತದಲ್ಲಿ ಹುಟ್ಟಿದ ಕೂಸಿನ ಸರಾಸರಿ ಆಯುಷ್ಯ 24 ವರ್ಷದ ಆಸುಪಾಸಿನಲ್ಲಿತ್ತು. ಬರಗಾಲದ ದಶಕ ಅದು, 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗೂ ಬಂತು. ಅದೇ ದಶಕದಲ್ಲಿ, 1896ರಲ್ಲಿ, ಧಾರವಾಡದಲ್ಲಿ ಹುಟ್ಟಿದ ದ.ರಾ. ಬೇಂದ್ರೆ 85 ವರ್ಷ ಬಾಳಿದರು. 1880ರಲ್ಲಿ ಹುಟ್ಟಿದ ಆಲೂರು ವೆಂಕಟರಾಯರು 83. ಸ್ವಾತಂತ್ರ್ಯ ಬಂದ ಹೊತ್ತಿಗೂ ದೇಶದ ಸರಾಸರಿ 32ರ ಸುತ್ತಮುತ್ತಲೇ ಇತ್ತು, ಆದರೂ ಪ್ರತಿ ಓಣಿಯ ಕಟ್ಟೆಯ ಮೇಲೆ ಅಜ್ಜಂದಿರು ಕೂತಿರುತ್ತಿದ್ದರು. ಬೇಟೆ ಮತ್ತು ಆಹಾರ ಸಂಗ್ರಹದ ಮೇಲೆ ಇತ್ತೀಚಿನವರೆಗೂ ಬಾಳಿದ ಸಮುದಾಯಗಳ ಜನನ-ಮರಣದ ಲೆಕ್ಕವನ್ನು ಗರ್ವೆನ್ ಮತ್ತು ಕಪ್ಲಾನ್ ಎಂಬ ಮಾನವಶಾಸ್ತ್ರಜ್ಞರು 2007ರಲ್ಲಿ ಒಟ್ಟುಗೂಡಿಸಿದರು. ಬಾಲ್ಯ ದಾಟಿ ಬೆಳೆದವರಲ್ಲಿ ಸಾವು ಅತಿ ಹೆಚ್ಚು ಕಂಡದ್ದು ಸುಮಾರು 72ನೇ ವಯಸ್ಸಿನಲ್ಲಿ. ಆ ಲೆಕ್ಕವನ್ನು ಹಾಗೇ ಎತ್ತಿ ಹಿಮಯುಗಕ್ಕೆ ಅಂಟಿಸಲಾಗದು. ಮನುಷ್ಯನ ದೇಹಕ್ಕೆ ಮುಪ್ಪಿನವರೆಗೆ ಬಾಳುವ ಶಕ್ತಿ ಆಸ್ಪತ್ರೆ ಬಂದ ಮೇಲೆ ಬಂದದ್ದಲ್ಲ ಎಂಬಷ್ಟು ಮಾತ್ರ ಖಚಿತ. ಆಸ್ಪತ್ರೆ, ಲಸಿಕೆ, ಶುದ್ಧ ನೀರು ಉಳಿಸಿದ್ದು ಮುಖ್ಯವಾಗಿ ಆ ನಾಲ್ಕು ಕೂಸುಗಳನ್ನು.

ಹಾಗಂತ ‘ಹಿಂದಿನ ಮಂದಿ ಭಾಳ ಗಟ್ಟಿ ಇದ್ರು, ಅವರಿಗೆ ರೋಗನ ಇದ್ದಿಲ್ಲ’ ಎಂಬ ಇನ್ನೊಂದು ತುದಿಗೆ ಹಾರುವ ಹಾಗಿಲ್ಲ. ಈಗ ಹುಬ್ಬಳ್ಳಿಯ ಜಿಮ್ಮುಗಳವರೆಗೂ ಬಂದಿರುವ ಪ್ಯಾಲಿಯೋ ಡಯಟ್ ನಿಂತಿರುವುದು ಈ ತುದಿಯ ಮೇಲೆಯೇ. ಶಿಲಾಯುಗದವರು ಬರೀ ಮಾಂಸ ತಿಂದರು, ಧಾನ್ಯ ನಮ್ಮ ಮೈಗೆ ಒಗ್ಗದ ಹೊಸ ವಸ್ತು, ಆದ್ದರಿಂದ ರೊಟ್ಟಿ ಬಿಡಿ ಎಂಬ ಉಪದೇಶ. ದಂಬಲ್ಸ್ ಎತ್ತುವವರು ಏನು ತಿನ್ನಬೇಕು ಎಂಬುದು ವೈದ್ಯರಿಗೆ ಬಿಟ್ಟದ್ದು. ಇತಿಹಾಸದ ಭಾಗ ಮಾತ್ರ ಸುಳ್ಳು. ನಿಯಾಂಡರ್ತಾಲರ ಹಲ್ಲಿಗೆ ಅಂಟಿದ ಕಿಟ್ಟವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬೇಯಿಸಿದ ಕಾಳಿನ ಪಿಷ್ಟದ ಕಣಗಳು ಕಂಡವು. ಇಸ್ರೇಲಿನ ಒಹಾಲೋ ಎಂಬಲ್ಲಿ ಸುಮಾರು 23 ಸಾವಿರ ವರ್ಷದ ಹಿಂದೆ ಕಾಡುಬಾರ್ಲಿ, ಕಾಡುಗೋಧಿಯನ್ನು ಕಲ್ಲಿನ ಮೇಲೆ ಅರೆದಿದ್ದರು. ಜೋರ್ಡಾನಿನ ಶುಬೈಕಾದಲ್ಲಿ ಒಲೆಯ ಬೂದಿಯೊಳಗೆ ಸೀದು ಉಳಿದ ರೊಟ್ಟಿಯ ತುಣುಕುಗಳಿಗೆ 14,400 ವರ್ಷ. ಅಲ್ಲಿ ಕೃಷಿ ಶುರುವಾದದ್ದು ಅದಾಗಿ ಸುಮಾರು 4 ಸಾವಿರ ವರ್ಷಕ್ಕೆ. ಬಿತ್ತಲು ಕಲಿಯುವ ಮುಂಚೆ ಮನುಷ್ಯ ರೊಟ್ಟಿ ಸುಡಲು ಕಲಿತಿದ್ದ ಎಂಬುದು ನಮ್ಮ ಸೀಮೆಯವರಿಗೆ ಹಿಡಿಸುವ ಸುದ್ದಿ.

ಸಿರಿಧಾನ್ಯದ ಪೊಟ್ಟಣಗಳ ಮೇಲೆ ಬರೆಯುವ ‘ಆದಿಕಾಲದ ಆಹಾರ’ದಲ್ಲಿ ಅರ್ಧ ಸತ್ಯ ಇದೆ. ದಕ್ಷಿಣದ ನವಶಿಲಾಯುಗ ಸುಮಾರು 5 ಸಾವಿರ ವರ್ಷಗಳ ಈಚೆಯದು. ಸಂಗನಕಲ್ಲು, ಹಳ್ಳೂರು ಮೊದಲಾದ ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ ಸುಟ್ಟ ಕಾಳುಗಳನ್ನು ಆರಿಸಿದ ಡೋರಿಯನ್ ಫುಲ್ಲರ್, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದ ರವಿ ಕೋರಿಶೆಟ್ಟರ್ ಮತ್ತವರ ಸಂಗಡಿಗರು ಕಂಡುಕೊಂಡ ಮುಖ್ಯ ಬೆಳೆಗಳು ಕೊರಲೆ, ಹುರುಳಿ, ಹೆಸರು. ಕೊರಲೆ ಈಗಲೂ ಸಂತೆಯಲ್ಲಿ ಸಿಗುತ್ತದೆ, ಅದು ಸರಿ. ಆದರೆ ನಾವು ಪುರಾತನ ಎಂದು ಎದೆ ತಟ್ಟಿಕೊಳ್ಳುವ ಜೋಳ ಆಫ್ರಿಕಾದಿಂದ ಬಂದದ್ದು. ಬ್ಯಾಡಗಿ ಮೆಣಸಿನಕಾಯಿಯ ಮೂಲ ಅಮೆರಿಕ ಖಂಡ, ಪೋರ್ಚುಗೀಸರ ಹಡಗಿಗಿಂತ ಮೊದಲು ಅದು ಇಲ್ಲಿ ಇರಲೇ ಇಲ್ಲ. ಜೋಳದ ರೊಟ್ಟಿ, ಕೆಂಪು ಚಟ್ನಿ ಇಲ್ಲದ ಹಳ್ಳೂರಿನ ಊಟವನ್ನು ಊಹಿಸಿಕೊಳ್ಳಲು ನನಗಂತೂ ಕಷ್ಟ. ಇನ್ನು ಆರೋಗ್ಯದ ಮಾತಿಗೆ ಬಂದರೆ, ಬೇಟೆಯವರ ಮೂಳೆಗಳಲ್ಲಿ ಮುರಿತ, ಕೀವುಗಟ್ಟಿದ ದವಡೆ, ಸಂಧಿವಾತ ಧಾರಾಳ ಕಾಣುತ್ತವೆ. ಕೃಷಿಗೆ ಇಳಿದ ಮೇಲೆ ಹಲವು ಕಡೆ ಹಲ್ಲು ಹುಳುಕು ಹೆಚ್ಚಿತು, ಎತ್ತರ ಕುಗ್ಗಿತು. ಒಂದು ಕಾಲವೂ ನಿರೋಗಿಯಾಗಿರಲಿಲ್ಲ.

ಹೆಣ್ಣನ್ನು ಕೂದಲು ಹಿಡಿದು ಗುಹೆಗೆ ಎಳೆದೊಯ್ಯುವ ವ್ಯಂಗ್ಯಚಿತ್ರ ಇದೆಯಲ್ಲ, ಅದಕ್ಕೆ ಪುರಾತತ್ತ್ವದಲ್ಲಿ ಎಳ್ಳಷ್ಟೂ ಆಧಾರವಿಲ್ಲ. ಆದರೆ ಬೇಟೆಗೆ ಹೋಗುವವನು ಗಂಡು, ಸೊಪ್ಪು-ಗೆಡ್ಡೆ ಆರಿಸುವವಳು ಹೆಣ್ಣು ಎಂಬುದು ವಿದ್ವಾಂಸರ ನಡುವೆಯೂ ಬಹಳ ಕಾಲ ಪ್ರಶ್ನೆಯಿಲ್ಲದೆ ನಡೆಯಿತು. ಪೆರು ದೇಶದ ಸಮಾಧಿಯೊಂದರಲ್ಲಿ 9 ಸಾವಿರ ವರ್ಷ ಹಳೆಯ ಎಳೆಯ ಹೆಣ್ಣಿನ ಪಕ್ಕ ದೊಡ್ಡ ಬೇಟೆಯ ಈಟಿಮೊನೆಗಳ ಕಟ್ಟು ಸಿಕ್ಕದ್ದು 2020ರಲ್ಲಿ ವರದಿಯಾಯಿತು. ಅಮೆರಿಕ ಖಂಡಗಳಲ್ಲಿ ಹೀಗೆ ಬೇಟೆಯ ಆಯುಧಗಳೊಂದಿಗೆ ಹೂಳಲಾದ 27 ಜನರನ್ನು ಅದೇ ತಂಡ ಲೆಕ್ಕ ಹಾಕಿದಾಗ 11 ಹೆಣ್ಣುಗಳಿದ್ದವು. 2023ರಲ್ಲಿ ಬಂದ ಇನ್ನೊಂದು ಪ್ರಬಂಧ, ಬೇಟೆಗಾರ ಸಮುದಾಯಗಳ 63 ದಾಖಲೆ ನೋಡಿ 79 ಶೇಕಡಾ ಕಡೆ ಹೆಂಗಸರು ಬೇಟೆಯಾಡಿದ್ದಾರೆ ಎಂದಿತು, ಸುದ್ದಿಯಾಯಿತು. ಮರುವರ್ಷ ಬೇರೆ ಮಾನವಶಾಸ್ತ್ರಜ್ಞರು ಆ ದಾಖಲೆಗಳನ್ನೇ ಮತ್ತೆ ತಿರುವಿ, ಎಣಿಕೆಯಲ್ಲಿ ದೋಷಗಳಿವೆ, ಹೆಂಗಸರು ಆಗಾಗ ಬೇಟೆಗೆ ಹೋದದ್ದುಂಟು, ಆದರೂ ಕೆಲಸದ ಹಂಚಿಕೆ ನಿಜವಾಗಿತ್ತು ಎಂದರು. ಮೊದಲ ಸುದ್ದಿಯನ್ನು ಹಂಚಿದವರಲ್ಲಿ ಎರಡನೆಯದನ್ನು ಹಂಚಿದವರು ನನಗೆ ಬಹಳ ಕಾಣಲಿಲ್ಲ.

ಕಿವುಚಿದ ಮುಖದ ಕ್ರೂರಿಯ ಚಿತ್ರಕ್ಕೆ ಎದುರು ನಿಲ್ಲುವ ಎರಡು ಅಸ್ಥಿಪಂಜರಗಳನ್ನು ಹೇಳದೆ ಬಿಡಲಾಗದು. ಇರಾಕಿನ ಶಾನಿದಾರ್ ಗುಹೆಯ ಒಬ್ಬ ನಿಯಾಂಡರ್ತಾಲನ ಬಲಗೈ ಸೊರಗಿತ್ತು, ಎಡಗಣ್ಣಿನ ಸುತ್ತ ಎಳೆವಯಸ್ಸಿನಲ್ಲೇ ಬಿದ್ದ ಭಾರೀ ಪೆಟ್ಟಿನ ಗುರುತು. ಆದರೂ ಗಾಯಗಳು ಮಾಗಿದ್ದವು, ಆ ಬಳಿಕ ಆತ ವರ್ಷಗಟ್ಟಲೆ ಬದುಕಿದ್ದ. ಇನ್ನೊಂದು ಬೋರ್ನಿಯೋ ದ್ವೀಪದ್ದು, 2022ರಲ್ಲಿ ವರದಿಯಾದದ್ದು. 31 ಸಾವಿರ ವರ್ಷದ ಹಿಂದೆ ಒಂದು ಮಗುವಿನ ಎಡಗಾಲಿನ ಕೆಳಭಾಗವನ್ನು ಕತ್ತರಿಸಿ ತೆಗೆಯಲಾಗಿತ್ತು. ಮೂಳೆಯ ತುದಿ ಸೋಂಕಿಲ್ಲದೆ ಮಾಗಿದೆ, ಆ ಮಗು ಮತ್ತೆ 6ರಿಂದ 9 ವರ್ಷ ಬದುಕಿ ಬೆಳೆದಿದೆ. ಗುಡ್ಡಗಾಡಿನಲ್ಲಿ ಒಂಟಿಗಾಲಿನ ಮಗುವನ್ನು ಹೊತ್ತು, ಉಣಿಸಿ, ಗಾಯ ತೊಳೆದವರು ಯಾರೋ ಇರಲೇಬೇಕು.

ಇನ್ನು ಆ ಸಾಲುಚಿತ್ರ. ಎಡಕ್ಕೆ ಮಂಗ, ಬಲಕ್ಕೆ ನೆಟ್ಟಗೆ ನಿಂತ ಗಂಡಸು, ನಡುವೆ ಹಂತಹಂತವಾಗಿ ನೆಟ್ಟಗಾಗುವವರು. 1965ರಲ್ಲಿ ರುಡಾಲ್ಫ್ ಝಾಲಿಂಗರ್ ಬಿಡಿಸಿದ ಚಿತ್ರದ ಮರಿಗಳು ಇವೆಲ್ಲ, ಟೀಶರ್ಟಿನ ಮೇಲೂ ಬಂದಿವೆ. ‘ಮಂಗನಿಂದ ಮಾನವ’ ಎಂಬ ನಮ್ಮ ಮಾತಿಗೆ ಅದೇ ದೃಷ್ಟಾಂತ. ‘ಹಾಗಾದರೆ ಈಗಿನ ಮಂಗಗಳು ಯಾಕೆ ಮನುಷ್ಯರಾಗುತ್ತಿಲ್ಲ?’ ಎಂಬ ಹಳೇ ಪ್ರಶ್ನೆ ಹುಟ್ಟುವುದೂ ಅಲ್ಲೇ. 2018ರಲ್ಲಿ ಕೇಂದ್ರ ಸಚಿವರಾಗಿದ್ದ ಸತ್ಯಪಾಲ್ ಸಿಂಗ್, ಮಂಗ ಮನುಷ್ಯನಾದದ್ದನ್ನು ನಮ್ಮ ಪೂರ್ವಜರು ಯಾರೂ ನೋಡಿಲ್ಲ, ಡಾರ್ವಿನ್ ಹೇಳಿದ್ದು ತಪ್ಪು ಎಂದರು. ಆ ಸಾಲುಚಿತ್ರವನ್ನು ಖಂಡಿಸಿದ್ದರೆ ಅವರು ಹೇಳಿದ್ದೂ ಒಂದರ್ಥದಲ್ಲಿ ಸರಿಯೇ ಆಗುತ್ತಿತ್ತು! ಚಿಂಪಾಂಜಿ ನಮ್ಮ ಅಜ್ಜ ಅಲ್ಲ, ದಾಯಾದಿ. ಸುಮಾರು 60–70 ಲಕ್ಷ ವರ್ಷದ ಹಿಂದೆ ಒಂದೇ ಮೂಲದಿಂದ ಎರಡೂ ಕವಲೊಡೆದವು. ನಮ್ಮ ಕಡೆಯ ಕವಲಿನಲ್ಲೂ ಸಾಲು ಇರಲಿಲ್ಲ. ಸುಮಾರು 60 ಸಾವಿರ ವರ್ಷದ ಹಿಂದೆ ನಾವಿದ್ದೆವು, ಯುರೋಪಿನಲ್ಲಿ ನಿಯಾಂಡರ್ತಾಲರಿದ್ದರು, ಏಷ್ಯಾದಲ್ಲಿ ಡೆನಿಸೋವರು ಎಂಬ ಇನ್ನೊಂದು ಮಾನವ ಕವಲಿನವರಿದ್ದರು, ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ ಮೂರೂವರೆ ಅಡಿಯ ಮಾನವರೂ ಇದ್ದರು.

ಇದ್ದರು ಅಷ್ಟೇ ಅಲ್ಲ, ಕೂಡಿದರು ಕೂಡ. ಸ್ವಾಂತೆ ಪೇಬೊ ಅವರ ತಂಡ 2010ರಲ್ಲಿ ನಿಯಾಂಡರ್ತಾಲರ ಜೀನೋಮ್ ಓದಿತು, 2022ರಲ್ಲಿ ಅವರಿಗೆ ನೊಬೆಲ್ ಬಂತು. ಆಫ್ರಿಕಾದ ಹೊರಗಿನ ಎಲ್ಲ ಜನರ ಡಿಎನ್‌ಎಯಲ್ಲಿ 1ರಿಂದ 2 ಶೇಕಡಾ ನಿಯಾಂಡರ್ತಾಲರದು. ಅದು ನಮ್ಮ ದೇಹದಲ್ಲಿ ಸುಮ್ಮನೆ ಕೂತಿಲ್ಲ. ಕೋವಿಡ್ ತೀವ್ರವಾಗುವ ಅಪಾಯ ಹೆಚ್ಚಿಸುವ ಮೂರನೇ ಕ್ರೋಮೋಸೋಮಿನ ಒಂದು ತುಣುಕು ಅವರಿಂದ ಬಂದದ್ದು ಎಂದು 2020ರಲ್ಲಿ ಗೊತ್ತಾಯಿತು. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಅದಿದೆ, ಯುರೋಪಿನಲ್ಲಿ ಸುಮಾರು 16 ಶೇಕಡಾ ಜನರಲ್ಲಿ. ಮರುವರ್ಷ, ಅಪಾಯ ತಗ್ಗಿಸುವ ಇನ್ನೊಂದು ತುಣುಕೂ ಅವರದೇ ಎಂದು ತಿಳಿಯಿತು. ಗುಹೆಯ ಮಂಕ ಎಂದು ನಾವು ನಗುವವನು ಹುಬ್ಬಳ್ಳಿಯ ದುರ್ಗದ ಬೈಲಿನ ಪ್ರತಿ ಗಿರಾಕಿಯ ಪೂರ್ವಜರಲ್ಲಿ ಒಬ್ಬ.

ಆ ಸಾಲುಚಿತ್ರದ ಹಿಂದಿರುವ ಏಣಿಯ ಕಲ್ಪನೆ ಬರೀ ಚಿತ್ರವಾಗಿ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಏಣಿ ಎಂದ ಮೇಲೆ ಕೆಳಗಿನ ಮೆಟ್ಟಿಲಿಗೆ ಯಾರನ್ನಾದರೂ ನಿಲ್ಲಿಸಬೇಕಾಗುತ್ತದೆ, ಸತ್ತವರು ಸಾಲದಿದ್ದರೆ ಬದುಕಿರುವವರನ್ನು. 1906ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಕಾಂಗೋದಿಂದ ತಂದ ಒಟಾ ಬೆಂಗಾ ಎಂಬ ಯುವಕನನ್ನು ವಾನರಗಳ ಜೊತೆ ಪ್ರದರ್ಶನಕ್ಕಿಟ್ಟರು. ನಮ್ಮಲ್ಲಿ ಹಾಗಿಲ್ಲ ಎನ್ನುವ ಮುಂಚೆ ಶಾಲೆಗಳ ಗ್ಯಾದರಿಂಗ್ ನೆನಪಿಸಿಕೊಳ್ಳಿ. ಮಕ್ಕಳ ಮುಖಕ್ಕೆ ಕಪ್ಪು ಬಳಿದು, ಸೊಂಟಕ್ಕೆ ಎಲೆ ಕಟ್ಟಿ, ಕೈಗೆ ಈಟಿ ಕೊಟ್ಟು, ಅರ್ಥವಿಲ್ಲದ ಕೂಗಿನ ಹಾಡಿಗೆ ಕುಣಿಸುತ್ತಾರೆ. ಒಂದು ವರ್ಷ ಅದರ ಹೆಸರು ‘ಆದಿಮಾನವ ನೃತ್ಯ’, ಮರುವರ್ಷ ಅದೇ ವೇಷಕ್ಕೆ ‘ಆದಿವಾಸಿ ನೃತ್ಯ’. ಪಾಲಕರು ಮೊಬೈಲ್ ಎತ್ತಿ ವಿಡಿಯೊ ಮಾಡಿಕೊಳ್ಳುತ್ತಾರೆ, ಯಾರಿಗೂ ಏನೂ ಅನಿಸುವುದಿಲ್ಲ.

ಧಾರವಾಡದಿಂದ ಬಹಳ ದೂರವಿಲ್ಲದ ಕಲಘಟಗಿ ಕಡೆಯ ಕಾಡಂಚಿನಲ್ಲಿ, ಹಳಿಯಾಳ, ಯಲ್ಲಾಪುರದಲ್ಲಿ ಸಿದ್ದಿ ಜನ ಇದ್ದಾರೆ. ಅವರ ಹಿರಿಯರನ್ನು ಕೆಲವು ಶತಮಾನಗಳ ಹಿಂದೆ ಆಫ್ರಿಕಾದಿಂದ ಪೋರ್ಚುಗೀಸರು ಮತ್ತಿತರರು ಗುಲಾಮರನ್ನಾಗಿ ಪಶ್ಚಿಮ ಕರಾವಳಿಗೆ ತಂದರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕದ್ದು 2003ರಲ್ಲಿ, ಧಾರವಾಡ ಮತ್ತು ಬೆಳಗಾವಿ ಜಿಲ್ಲೆಯವರಿಗೆ 2020ರಲ್ಲಿ. ಅವರಲ್ಲಿ ಹೊಲ ಮಾಡುವವರಿದ್ದಾರೆ, ಕುಸ್ತಿ ಆಡುವವರಿದ್ದಾರೆ, ರಂಗಭೂಮಿಯಲ್ಲಿ ಹೆಸರು ಮಾಡಿದವರಿದ್ದಾರೆ, ವಿಧಾನ ಪರಿಷತ್ತಿಗೆ ಹೋದವರಿದ್ದಾರೆ. ಹೀಗಿದ್ದೂ ಅವರ ಮಗು ಪಟ್ಟಣದ ಶಾಲೆಗೆ ಬಂದರೆ ಆ ಕಪ್ಪು ಬಳಿದ ನೃತ್ಯವನ್ನು ಎದುರು ಕೂತು ನೋಡಬೇಕು. ಈಗ ಬದುಕಿರುವ ಯಾವ ಸಮುದಾಯವೂ ಶಿಲಾಯುಗದಿಂದ ಉಳಿದ ತುಣುಕಲ್ಲ. ಸಿದ್ದಿ, ಲಿಂಗಾಯತ, ಬ್ರಾಹ್ಮಣ, ಮುಸಲ್ಮಾನ, ಇಂಗ್ಲೆಂಡಿನ ರಾಜ ಎಲ್ಲರೂ ಆ ಹಳೆಯ ಪೂರ್ವಜರಿಂದ ಸರಿಸಮಾನ ದೂರದಲ್ಲಿದ್ದೇವೆ. ಬಣ್ಣದ ಲೆಕ್ಕ ಬೇಕೆನ್ನುವವರಿಗೆ ಇನ್ನೊಂದು ಸಂಗತಿ. ಇಂಗ್ಲೆಂಡಿನ ಚೆಡ್ಡರ್ ಕಮರಿಯಲ್ಲಿ ಸಿಕ್ಕ 10 ಸಾವಿರ ವರ್ಷ ಹಳೆಯ ಮನುಷ್ಯನ ಡಿಎನ್‌ಎ ಓದಿ 2018ರಲ್ಲಿ ಕಂಡುಕೊಂಡ ಪ್ರಕಾರ, ಆತನ ಚರ್ಮ ಕಪ್ಪು, ಕಣ್ಣು ನೀಲಿಯಾಗಿದ್ದ ಸಾಧ್ಯತೆಯೇ ಹೆಚ್ಚು.

ಇದನ್ನು ಮಕ್ಕಳಿಗೆ ಹೇಳಬೇಕಾದ ಜಾಗ ಪಠ್ಯಪುಸ್ತಕ. 2023ರಲ್ಲಿ ಎನ್‌ಸಿಇಆರ್‌ಟಿ 10ನೇ ತರಗತಿಯ ವಿಜ್ಞಾನದಲ್ಲಿ ‘ಅನುವಂಶೀಯತೆ ಮತ್ತು ವಿಕಾಸ’ ಎಂಬ ಪಾಠದಿಂದ ವಿಕಾಸದ ಭಾಗವನ್ನು ತೆಗೆಯಿತು. ಹೊರೆ ಇಳಿಸಿದೆವು, 12ನೇ ತರಗತಿಯ ಜೀವಶಾಸ್ತ್ರದಲ್ಲಿ ಇದೆಯಲ್ಲ ಎಂಬ ಸಮರ್ಥನೆ ಬಂತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಆಕ್ಷೇಪಿಸಿ ಪತ್ರ ಬರೆದರು. ಹತ್ತರ ನಂತರ ಕಾಮರ್ಸ್, ಆರ್ಟ್ಸ್, ಐಟಿಐ ಹಿಡಿಯುವ ಮಕ್ಕಳು ಆ 12ನೇ ತರಗತಿಯ ಜೀವಶಾಸ್ತ್ರವನ್ನು ಎಂದೂ ತೆರೆಯುವುದಿಲ್ಲ. ಅವರಿಗೆ ಉಳಿಯುವುದು ರೀಲ್ಸ್. ಆ ರೀಲ್ಸ್ ಮಾಡುವ ಎಐ ಕಲಿತದ್ದು ಬೂಲ್ ಕಾಲದ ಚಿತ್ರಗಳ ರಾಶಿಯಿಂದ, ಹಾಗಾಗಿ 1957ರಲ್ಲಿ ಬಿದ್ದುಹೋದ ಬಾಗಿದ ಬೆನ್ನು ಅಲ್ಲಿ ಇನ್ನೂ ಬಾಗಿಯೇ ಇದೆ.

ಧಾರವಾಡದ ಶಿಕ್ಷಕರಿಗೆ ಬೇರೆ ಊರಿನವರಿಗಿಲ್ಲದ ಅನುಕೂಲವಿದೆ. ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸ ಕಲಿಸುವ ವಿಭಾಗವಿದೆ, ಕನ್ನಡ ಸಂಶೋಧನಾ ಸಂಸ್ಥೆಯ ಸಂಗ್ರಹಾಲಯವಿದೆ. ಒಂದು ದಿನದ ಪ್ರವಾಸ ಹೊರಟರೆ ಬಳ್ಳಾರಿಯಲ್ಲಿ ಕೋರಿಶೆಟ್ಟರ್ ಮುತುವರ್ಜಿಯಿಂದ ಎದ್ದ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಸಂಗ್ರಹಾಲಯ ಸಿಗುತ್ತದೆ. ಶಾಲೆಯ ಪ್ರವಾಸದ ಬಸ್ಸುಗಳು ಹಂಪಿ, ಟಿ.ಬಿ. ಡ್ಯಾಮು ಎಂದು ಆ ದಿಕ್ಕಿಗೆ ಪ್ರತಿವರ್ಷ ಹೋಗುತ್ತವೆ, ಬಳ್ಳಾರಿಯವರೆಗೆ ಇನ್ನೊಂದೆರಡು ತಾಸು ಓಡಿಸಿದರೆ ಆಯಿತು.